ಸೋಯಾ ಹೊಲದ ಲೆಕ್ಕ

ಎಳ್ಳಮಾವಾಸ್ಯೆಯ ದಿನ ಬೀದರ್ ಸೀಮೆಯ ಮಂದಿ ಹೊಲದಲ್ಲಿರುತ್ತಾರೆ. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ, ಸಾಲಾಗಿ ಕೂತು ರೊಟ್ಟಿಯ ಜೊತೆ ಭಜ್ಜಿ ಉಣ್ಣುತ್ತಾರೆ. ಬೆಂಗಳೂರಿನವರು ತಪ್ಪು ತಿಳಿಯಬಾರದು, ಇದು ಎಣ್ಣೆಯಲ್ಲಿ ಕರಿದ ಭಜ್ಜಿಯಲ್ಲ. ಹಸಿ ತೊಗರಿ, ಅವರೆ, ಕಡಲೆ, ಸೊಪ್ಪು ಎಲ್ಲ ಕೂಡಿಸಿ ಕುದಿಸಿದ್ದು. ಹೊಲದಲ್ಲಿ ಏನೇನಿದೆಯೋ ಅದೆಲ್ಲ ಪಾತ್ರೆಯಲ್ಲಿ. ಬರೀ ಸೋಯಾ ನಂಬಿದ ಮನೆಯವರು ಮಾತ್ರ ಆ ಕಾಳನ್ನು ಪೇಟೆಯಿಂದ ತರಬೇಕು.

ರಾಜ್ಯದಲ್ಲಿ ಅತಿ ಹೆಚ್ಚು ಸೋಯಾ ಅವರೆ ಬೆಳೆಯುವ ಜಿಲ್ಲೆ ನಮ್ಮದು. ಹೆಸರು, ಉದ್ದು, ಜೋಳ ನಿಲ್ಲುತ್ತಿದ್ದ ಎರೆಭೂಮಿಗೆ ಅದು ಸುಮ್ಮನೆ ಬರಲಿಲ್ಲ. ನೂರು ದಿನದ ಬೆಳೆ, ರಾಶಿ ಮಾಡಲು ಮಷೀನು, ಬೀದರಿನ ಗಾಂಧಿಗಂಜ್ ಮಾರುಕಟ್ಟೆಯಲ್ಲಿ ತೂಗಿದರೆ ದೀಪಾವಳಿಯ ಹೊತ್ತಿಗೆ ಕೈಯಲ್ಲಿ ರೊಕ್ಕ. ಸೋಯಾವನ್ನು ಹಳಿಯುವವರು ಒಮ್ಮೆ ಬೆಳೆಸಾಲದ ಕಂತು ಕಟ್ಟಿ ನೋಡಲಿ. ಕಾರಂಜಾ ಜಲಾಶಯದ ನೀರು ಸಿಕ್ಕ ಭಾಲ್ಕಿಯ ರೈತರಿಗೆ ಕಬ್ಬಿದೆ, ಹುಣಜಿಯಲ್ಲಿ ಸಕ್ಕರೆ ಕಾರ್ಖಾನೆಯಿದೆ. ಅದು ಬೇರೆಯದೇ ಕಥೆ. ಔರಾದ್ ತಾಲೂಕಿನ ಹೊಲಗಳು ಬಹುಪಾಲು ಮಳೆಯನ್ನೇ ನೋಡಬೇಕು.

ಆದರೆ ಆ ರೊಕ್ಕ ಎಷ್ಟು? 2024-25ರಲ್ಲಿ ಸೋಯಾದ ಬೆಂಬಲ ಬೆಲೆ ಕ್ವಿಂಟಲಿಗೆ 4,892 ರೂಪಾಯಿ. ತೊಗರಿಗೆ 7,550, ಹೆಸರಿಗೆ 8,682. ಆ ಹಂಗಾಮಿನಲ್ಲಿ ಪೇಟೆಯ ಸೋಯಾ ಧಾರಣೆ ಬೆಂಬಲ ಬೆಲೆಯನ್ನೂ ಮುಟ್ಟಲಿಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಾಯಿಯಲ್ಲೇ ಮೊಳಕೆ. ಇಳುವರಿ ಹೆಚ್ಚಾದ್ದರಿಂದ ಒಟ್ಟು ಆದಾಯ ಸರಿಹೋಗುತ್ತದೆ ಎನ್ನುವವರ ಮಾತು ಒಳ್ಳೆಯ ವರ್ಷಕ್ಕಷ್ಟೇ ನಿಜ.

ಸಾಲಿನಲ್ಲಿ ತೊಗರಿ ಸೇರಿಸಿದವರ ಲೆಕ್ಕ ಬೇರೆ. ನಾಲ್ಕು ಸಾಲು ಸೋಯಾ, ನಡುವೆ ಒಂದೆರಡು ಸಾಲು ತೊಗರಿ. ಸೋಯಾ ಕಿತ್ತ ಮೇಲೆ ತೊಗರಿಗೆ ಜಾಗ, ಬಿಸಿಲು ಎರಡೂ ಸಿಕ್ಕಿ ರೆಂಬೆ ಹರಡುತ್ತದೆ. ಆಳದ ಬೇರು ಕೆಳಗಿನ ತೇವ ಹೀರುತ್ತದೆ, ಉದುರಿದ ಎಲೆ ಮಣ್ಣಿಗೇ ಸೇರುತ್ತದೆ. ಮಳೆ ಕೈಕೊಟ್ಟರೂ ಎರಡರಲ್ಲೊಂದು ಉಳಿಯುವ ಆಸೆಯಿದೆ. ನೆಟೆ ರೋಗ ತಡೆಯುವ ತೊಗರಿ ತಳಿಯ ಬೀಜ ಮಾತ್ರ ಬೇಕು. ಈ ಪದ್ಧತಿಗೆ ನನ್ನ ಪೂರ್ಣ ಅಂಕ.

ಪೂರ್ಣ ಅಂದೆನೇ? ಇಲ್ಲ, ದನದ ಕೊಟ್ಟಿಗೆ ಮರೆತೆ. ಸೋಯಾ ಹೊಟ್ಟು ಜೋಳದ ಕಣಿಕೆಯ ಜಾಗ ತುಂಬುವುದಿಲ್ಲ. ಪಕ್ಕದ ಲಾತೂರ್ ಜಿಲ್ಲೆಯ ದೇವಣಿ ಊರಿನ ಹೆಸರು ಹೊತ್ತ ದೇವಣಿ ತಳಿ ಇಲ್ಲಿಯದೂ ಹೌದು. ಹಾಲಿಗೂ ನೊಗಕ್ಕೂ ಆಗುವ ದನ ಅದು. ಕಣಿಕೆ ಹೋದರೆ ದೇವಣಿ ಹೋಗುತ್ತದೆ, ದೇವಣಿ ಹೋದರೆ ತಿಪ್ಪೆಗೊಬ್ಬರ ಹೋಗುತ್ತದೆ, ಆಮೇಲೆ ಚೀಲದ ಗೊಬ್ಬರಕ್ಕೆ ಮತ್ತೆ ಸಾಲ. ಈ ಸರಪಳಿಯ ಖರ್ಚನ್ನು ಯಾರೂ ಸೋಯಾದ ಖಾತೆಗೆ ಬರೆಯುವುದಿಲ್ಲ.

ಕೃಷಿ ಇಲಾಖೆಯವರಲ್ಲಿ ಒಂದು ಕೇಳಿಕೆ: ಬೆಳೆಗಳ ಲಾಭ ಹೋಲಿಸುವಾಗ ಎಕರೆಗೆ ಎಷ್ಟು ಕ್ವಿಂಟಲ್ ಎಂಬುದರ ಪಕ್ಕದಲ್ಲಿ, ಎಷ್ಟು ಸೂಡು ಕಣಿಕೆ ಎಂದೂ ಬರೆಯಿರಿ.