ಪರಿಶೀಲನೆ ಬೇರೆ, ಪ್ರಸಿದ್ಧಿ ಬೇರೆ

ವಿಕಿಪೀಡಿಯದಲ್ಲಿ ಒಬ್ಬ ವ್ಯಕ್ತಿಯ ಬಗ್ಗೆ ಪುಟ ಇರಬೇಕೇ ಬೇಡವೇ ಎಂದು ತೀರ್ಮಾನಿಸುವ ನಿಯಮಕ್ಕೆ ಇಂಗ್ಲಿಷಿನಲ್ಲಿ 'ನೋಟಬಿಲಿಟಿ' ಎಂದು ಹೆಸರು. ಕನ್ನಡದಲ್ಲಿ ಗಮನಾರ್ಹತೆ ಎನ್ನಬಹುದು, ಗಮನಕ್ಕೆ ಅರ್ಹವಾಗಿರುವುದು. ಆದರೆ ನಿಯಮವನ್ನು ಒಂದು ಪಠ್ಯವಾಗಿ ಓದುತ್ತ ಹೋದರೆ ಅಲ್ಲಿ ಅರ್ಹತೆಯ ಮಾತು ಹೆಚ್ಚಾಗಿ ಸಿಗುವುದಿಲ್ಲ. ಆ ವ್ಯಕ್ತಿಗೆ ಸಂಬಂಧಪಡದ, ನಂಬಬಹುದಾದ ಪ್ರಕಟಣೆಗಳಲ್ಲಿ ಅವರ ಬಗ್ಗೆ ಯಾರಾದರೂ ವಿವರವಾಗಿ ಬರೆದಿದ್ದಾರೆಯೇ ಎಂಬುದು ಮುಖ್ಯ ಪ್ರಶ್ನೆ. ಹೆಸರು ಅರ್ಹತೆಯದು, ಅಳತೆ ಪ್ರಸಿದ್ಧಿಯದು. ಜೀವನಚರಿತ್ರೆಯ ಪುಟಗಳ ಸುತ್ತ ನಡೆಯುವ ಹೆಚ್ಚಿನ ಜಗಳಗಳ ಬೇರು ಈ ಅಂತರದಲ್ಲಿದೆ ಎಂದು ನನಗೆ ಅನಿಸುತ್ತದೆ.

ಎಲ್ಲರಿಗೂ ಗೊತ್ತಿರುವ ಉದಾಹರಣೆ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರದು. 1985ರಲ್ಲಿ ಜೆರಾರ್ ಮೂರೂ ಅವರೊಂದಿಗೆ ಲೇಸರ್ ಸ್ಪಂದನಗಳನ್ನು ಹಿಗ್ಗಿಸಿ, ಬಲಪಡಿಸಿ, ಮತ್ತೆ ಕುಗ್ಗಿಸುವ ವಿಧಾನವನ್ನು ಪ್ರಕಟಿಸಿದವರು. ಇವತ್ತು ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲೂ ಅದರ ಪ್ರಯೋಜನವಿದೆ. 2018ರಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಅವರ ಬಗ್ಗೆ ಒಂದು ಕರಡು ಬಂತು. ಕೊಟ್ಟಿರುವ ಆಧಾರಗಳು ಸಾಲವು ಎಂದು ಅದನ್ನು ತಿರಸ್ಕರಿಸಲಾಯಿತು. ಅಕ್ಟೋಬರ್ 2ರಂದು ಅವರಿಗೆ ಭೌತಶಾಸ್ತ್ರದ ನೊಬೆಲ್ ಘೋಷಣೆಯಾಯಿತು. 1903ರಲ್ಲಿ ಮೇರಿ ಕ್ಯೂರಿ, 1963ರಲ್ಲಿ ಮರಿಯಾ ಗೋಪರ್ಟ್ ಮೇಯರ್. ಅವರ ನಂತರ ಆ ಬಹುಮಾನ ಪಡೆದ ಮೂರನೇ ಮಹಿಳೆ ಇವರು. ಪುಟ ಹುಟ್ಟಿದ್ದು ಆ ದಿನವೇ. ಸಹಸಂಶೋಧಕ ಮೂರೂ ಅವರಿಗೆ ಎಷ್ಟೋ ವರ್ಷ ಮೊದಲೇ ಪುಟವಿತ್ತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ನಿಯಮವೇ ಕೆಟ್ಟದ್ದು ಎನ್ನುತ್ತಾರೆ. ಇನ್ನೊಂದು ವಿವರ ಸೇರಿಸಿದರೆ ವಿಷಯ ಬದಲಾಗುತ್ತದೆ. ವಿದ್ವಾಂಸರಿಗೆಂದೇ ಅಲ್ಲಿ ಪ್ರತ್ಯೇಕ ಮಾನದಂಡವೊಂದಿದೆ. ಪ್ರಮುಖ ವಿದ್ವತ್ ಸಂಸ್ಥೆಯೊಂದರ ಅತ್ಯುನ್ನತ ಹುದ್ದೆಯಲ್ಲಿದ್ದವರು ಅದರ ಪ್ರಕಾರ ಪುಟಕ್ಕೆ ಅರ್ಹರು. ಸ್ಟ್ರಿಕ್‌ಲ್ಯಾಂಡ್ 2013ರಲ್ಲಿ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷೆಯಾಗಿದ್ದರು. ನೊಬೆಲ್ ಬರುವುದಕ್ಕೆ ಐದು ವರ್ಷ ಮುಂಚೆಯೇ ಅವರು ನಿಯಮದೊಳಗೆ ಇದ್ದರು. ಆದರೂ ಕರಡು ಬಿದ್ದುಹೋಯಿತು. ಯಾಕೆಂದರೆ ಪರಿಶೀಲಿಸುವವರ ಕಣ್ಣು ಮೊದಲು ಹೋಗುವುದು ಪತ್ರಿಕೆಗಳಲ್ಲಿ ಹೆಸರು ಬಂದಿದೆಯೇ ಎಂಬುದರ ಕಡೆಗೆ. ಸಂಸ್ಥೆಯ ಪುಟ, ವಿಶ್ವವಿದ್ಯಾಲಯದ ಪುಟ ಸತ್ಯವನ್ನೇ ಹೇಳುತ್ತಿದ್ದರೂ ಅವು 'ಸ್ವತಂತ್ರ' ಮೂಲಗಳಲ್ಲ.

ಇದಕ್ಕೆ ಎದುರಾಗಿ ಇಡಬೇಕಾದದ್ದು ಜಾನ್ ಸೀಗಂಥಾಲರ್ ಪ್ರಕರಣ. 2005ರಲ್ಲಿ ಈ ಅಮೆರಿಕನ್ ಪತ್ರಕರ್ತರ ಬಗ್ಗೆ ಯಾರೋ ಅನಾಮಧೇಯರು ಪುಟ ಬರೆದರು. ಕೆನಡಿ ಸಹೋದರರ ಕೊಲೆಗಳಲ್ಲಿ ಇವರ ಮೇಲೂ ಒಮ್ಮೆ ಸಂಶಯವಿತ್ತು ಎಂಬ ಹಸಿ ಸುಳ್ಳು ಅಲ್ಲಿ ತಿಂಗಳುಗಟ್ಟಲೆ ಉಳಿದಿತ್ತು. ಅದು ಬಯಲಾದ ಮೇಲೆ ಇಂಗ್ಲಿಷ್ ವಿಕಿಪೀಡಿಯ ಖಾತೆಯಿಲ್ಲದವರು ಹೊಸ ಪುಟ ತೆರೆಯುವುದನ್ನು ನಿಲ್ಲಿಸಿತು. ಬದುಕಿರುವವರ ಬಗೆಗಿನ ನಿಯಮಗಳೂ ಬಿಗಿಯಾದವು. ಜೀವನಚರಿತ್ರೆಗಳಲ್ಲಿ ಬಿಗಿ ಬೇಕು ಎನ್ನುವವರು ಈ ಪ್ರಕರಣವನ್ನು ನೆನಪಿಸಿದರೆ ಅದು ನ್ಯಾಯವೇ. ಆದರೆ ಸೀಗಂಥಾಲರ್ ಪ್ರಸಿದ್ಧರಾಗಿಯೇ ಇದ್ದರು. ಅವರಿಗೆ ಪುಟ ಇರಬೇಕೇ ಎಂಬ ಪ್ರಶ್ನೆಯೇ ಏಳುವಂತಿರಲಿಲ್ಲ. ಅಲ್ಲಿ ಸೋತದ್ದು ಪರಿಶೀಲನೆ. ಸ್ಟ್ರಿಕ್‌ಲ್ಯಾಂಡ್ ಅವರ ವಿಷಯದಲ್ಲಿ ಪ್ರತಿಯೊಂದು ವಾಕ್ಯವನ್ನೂ ಪರಿಶೀಲಿಸಬಹುದಿತ್ತು. ಕಡಿಮೆ ಬಿದ್ದದ್ದು ಪ್ರಸಿದ್ಧಿ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ವೆರಿಫಿಕೇಶನ್, ವ್ಯಾಲಿಡೇಶನ್ ಎಂದು ಎರಡು ಮಾತುಗಳಿವೆ. ಬರೆದುಕೊಟ್ಟ ಹಾಗೆಯೇ ಕಟ್ಟಿದ್ದೇವೆಯೇ ಎಂಬುದು ಒಂದು, ಕಟ್ಟಿದ್ದು ಯಾರಿಗಾದರೂ ಬೇಕಾದದ್ದೇ ಎಂಬುದು ಇನ್ನೊಂದು. ಹೊಸಬರು ಇವೆರಡನ್ನೂ ಕಲಸುವುದುಂಟು. ಆಗ ಒಂದರ ಪರೀಕ್ಷೆ ಮಾಡಿ ಇನ್ನೊಂದೂ ಪಾಸಾಯಿತೆಂದು ಸಹಿ ಹಾಕುವ ಅಪಾಯವಿದೆ. ಗಮನಾರ್ಹತೆಯ ನಿಯಮವೂ ಎರಡು ಕೆಲಸಗಳನ್ನು ಒಂದೇ ಜರಡಿಯಲ್ಲಿ ಮಾಡಲು ಹೊರಟಿದೆ: ಸುಳ್ಳನ್ನು ತಡೆಯುವುದು, ಯಾರು ಮುಖ್ಯರೆಂದು ಹೇಳುವುದು. ಮೊದಲನೆಯದಕ್ಕೆ ಎಷ್ಟು ಬಿಗಿಯಾದರೂ ಸರಿ. ಎರಡನೆಯದಕ್ಕೆ ಅದೇ ಬಿಗಿ ಬಳಸಿದರೆ ಜಗತ್ತಿನ ಹಳೆಯ ಅಸಡ್ಡೆಗಳೇ ಅಲ್ಲಿಯೂ ನಿಯಮವಾಗುತ್ತವೆ. ಸಮಾಜಶಾಸ್ತ್ರಜ್ಞೆ ಫ್ರಾನ್ಸೆಸ್ಕಾ ಟ್ರಿಪೋಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ಅಳಿಸಬೇಕೆಂದು ಸೂಚಿಸಲಾದ ಜೀವನಚರಿತ್ರೆಗಳಲ್ಲಿ ಮಹಿಳೆಯರ ಪಾಲು, ಇರುವ ಪುಟಗಳಲ್ಲಿ ಅವರ ಪಾಲಿಗಿಂತ ಬಹಳ ಹೆಚ್ಚು.

ಎಲ್ಲ ಪ್ರಕರಣಗಳೂ ಇಷ್ಟು ಸುಲಭವಲ್ಲ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ಕ್ಲಾರಿಸ್ ಫೆಲ್ಪ್ಸ್, 117ನೇ ಮೂಲವಸ್ತುವಿನ ಶೋಧಕ್ಕೆ ಬೇಕಾಗಿದ್ದ ಬರ್ಕೀಲಿಯಮನ್ನು ಶುದ್ಧೀಕರಿಸಿದ ತಂಡದಲ್ಲಿದ್ದ ಕಪ್ಪುಜನಾಂಗದ ರಸಾಯನವಿಜ್ಞಾನಿ. ಬ್ರಿಟಿಷ್ ಭೌತವಿಜ್ಞಾನಿ ಜೆಸ್ ವೇಡ್ 2018ರಲ್ಲಿ ಅವರ ಪುಟ ಬರೆದರು. 2019ರಲ್ಲಿ ಅದನ್ನು ಅಳಿಸಲಾಯಿತು. ದೀರ್ಘ ವಾದಗಳ ನಂತರ 2020ರ ಆರಂಭದಲ್ಲಿ ಪುಟ ಮರಳಿತು. ಅಳಿಸಬೇಕೆಂದವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ತಂಡ ದೊಡ್ಡದು, ಒಬ್ಬರ ಪಾಲು ಎಷ್ಟೆಂದು ಹೇಳುವ ಬರಹಗಳು ಕಡಿಮೆ. ಹಾಗಿರುವಾಗ ಪುಟದಲ್ಲಿ ಏನು ಬರೆಯುವುದು? ಈ ಪ್ರಶ್ನೆಗೆ ನನ್ನ ಉತ್ತರ, ಗೊತ್ತಿರುವಷ್ಟು ಬರೆಯುವುದು. ತಂಡದಲ್ಲಿದ್ದರು ಎಂದು ಗೊತ್ತಿದ್ದರೆ ತಂಡದಲ್ಲಿದ್ದರು ಎಂದೇ ಬರೆದು ನಿಲ್ಲಿಸುವುದು.

ಇದು ಕನ್ನಡಕ್ಕೆ ಹೊಸ ಪದ್ಧತಿಯೇನಲ್ಲ. ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ತನಗಿಂತ ಹಿಂದಿನ ಕೆಲವು ಬರಹಗಾರರನ್ನು ಹೆಸರಿಸುತ್ತದೆ: ಗದ್ಯದಲ್ಲಿ ನಾಗಾರ್ಜುನ, ಜಯಬಂಧು, ದುರ್ವಿನೀತ ಮುಂತಾದವರು, ಪದ್ಯದಲ್ಲಿ ಪಂಡಿತ, ಚಂದ್ರ, ಲೋಕಪಾಲ ಮುಂತಾದವರು. ಇವರ ಕನ್ನಡ ಕೃತಿಗಳು ನಮಗೆ ಸಿಕ್ಕಿಲ್ಲ. ಲೋಕಪಾಲ ಯಾರು ಎಂದು ಕೇಳಿದರೆ ತೋರಿಸಲು ಒಂದು ಹೆಸರಿದೆ, ಅಷ್ಟೆ. ಇಂದಿನ ಅಳಿಸುವಿಕೆ ಚರ್ಚೆಗೆ ಇವನನ್ನು ತಂದರೆ 'ಬರೀ ಹೆಸರಿನ ಉಲ್ಲೇಖ, ವಿವರವಾದ ಬರಹವಿಲ್ಲ' ಎಂದು ವಾರದೊಳಗೆ ತೀರ್ಪು ಬರಬಹುದು. ಆದರೆ ಆ ಹೆಸರುಗಳಿಲ್ಲದೆ ಕನ್ನಡ ಸಾಹಿತ್ಯದ ಚರಿತ್ರೆ ಆರಂಭವಾಗುವುದೇ ಇಲ್ಲ. ಅವುಗಳಿಂದಲೇ ನಮಗೆ ಪಂಪನ ಹಿಂದೆಯೂ ಒಂದು ಪರಂಪರೆ ಇತ್ತೆಂದು ಗೊತ್ತಾಗುವುದು.

1907ರಿಂದ 1929ರವರೆಗೆ ಮೂರು ಸಂಪುಟಗಳಲ್ಲಿ ಬಂದ ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯನ್ನು ತೆರೆದು ನೋಡಿ. ಮಹಾಕವಿಗಳಿಗೆ ಪುಟಗಟ್ಟಲೆ ಜಾಗವಿದೆ. ಶಾಸನದಲ್ಲೋ, ಮತ್ತೊಬ್ಬ ಕವಿಯ ಸ್ತುತಿಯಲ್ಲೋ ಹೆಸರು ಮಾತ್ರ ಉಳಿದವರಿಗೆ ಕೆಲವೇ ಸಾಲು. ಆಧಾರ ಎಷ್ಟಿದೆಯೋ ಬರಹ ಅಷ್ಟು. ಯಾರನ್ನೂ ಅನಗತ್ಯವಾಗಿ ದೊಡ್ಡವರನ್ನಾಗಿಸುವುದಿಲ್ಲ, ಸಣ್ಣವರೆಂದು ಹೊರಗೂ ಹಾಕುವುದಿಲ್ಲ. ಪ್ರಸಿದ್ಧಿಯನ್ನು ಅಳೆಯಲು ಅವರು ಬಳಸಿದ್ದು ಬರಹದ ಉದ್ದವನ್ನು. ಬಾಗಿಲು ಮುಚ್ಚುವ ಕೆಲಸಕ್ಕೆ ಅದನ್ನು ಬಳಸಲಿಲ್ಲ.

ಪ್ರಸಿದ್ಧಿಯ ಅಳತೆಯಲ್ಲಿ ಇನ್ನೊಂದು ತೊಡಕಿದೆ. ಅದನ್ನು ಕೊಳ್ಳಬಹುದು. ಭಾರತದಲ್ಲಿ ಕಾಸಿಗಾಗಿ ಸುದ್ದಿ ಎಂಬುದರ ಬಗ್ಗೆ ಪ್ರೆಸ್ ಕೌನ್ಸಿಲ್ 2010ರಲ್ಲೇ ವರದಿ ಕೊಟ್ಟಿದೆ. ಹಣವುಳ್ಳ ಉದ್ಯಮಿಗೆ ನಾಲ್ಕು 'ಸ್ವತಂತ್ರ' ಲೇಖನಗಳನ್ನು ಹುಟ್ಟಿಸುವುದು ಕಷ್ಟವಲ್ಲ. ಮೂವತ್ತು ವರ್ಷ ಒಂದೇ ಕೆಲಸ ಮಾಡಿದವರಿಗೆ ಅದು ಹೊಳೆಯುವುದೂ ಇಲ್ಲ. ಅಂಕೋಲಾದ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಬೆಳೆಸಿದ್ದು ದಶಕಗಳ ಕಾಲ. 2021ರಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದ ಚಿತ್ರ ಬಂದಾಗ ದೇಶಕ್ಕೆ ಅವರು ಕಂಡರು. ಆ ದಿನ ಹೊಸದಾಗಿ ಒಂದು ಮರವೂ ಬೆಳೆದಿರಲಿಲ್ಲ.

ಹೊರನಾಡಿನಲ್ಲಿರುವ ನಮಗೆ ಇದು ದೂರದ ಚರ್ಚೆಯಲ್ಲ. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳರ ಬಗ್ಗೆ ಚಿಂತೆಯಿಲ್ಲ. ಅವರ ಪುಸ್ತಕಗಳ ಬಗ್ಗೆ ಒಳನಾಡಿನ ವಿಮರ್ಶಕರು ಬರೆದಿದ್ದಾರೆ. ಆದರೆ ಮುಂಬಯಿಯಲ್ಲಿ ಹೋಟೆಲ್ ಹುಡುಗರಿಗೆ ಕನ್ನಡ ರಾತ್ರಿಶಾಲೆಗಳಲ್ಲಿ ಪಾಠ ಹೇಳಿದ ಮೇಷ್ಟ್ರುಗಳು, ವರ್ಷಕ್ಕೊಂದು ನಾಟಕ ಬರೆದು ಆಡಿಸಿದವರು, ಸಂಘದ ಮಾಸಿಕವನ್ನು ಪ್ರೂಫ್ ನೋಡಿ ಅಂಚೆಗೆ ಹಾಕುವವರೆಗೆ ಒಬ್ಬರೇ ನಡೆಸಿದವರು ಎಲ್ಲಿದ್ದಾರೆ? ಸ್ಮರಣಸಂಚಿಕೆಗಳಲ್ಲಿ, ಆಮಂತ್ರಣ ಪತ್ರಿಕೆಗಳಲ್ಲಿ, ಸಂಘದ ನಡಾವಳಿ ಪುಸ್ತಕದ ಸಂತಾಪ ಸೂಚನೆಗಳಲ್ಲಿ. ಆ ಸಂಘದವರೇ ಬರೆದದ್ದರಿಂದ ಅವು ಸ್ವತಂತ್ರ ಮೂಲಗಳಾಗವು. ಅಲ್ಲಿನ ಹೊಗಳಿಕೆಯನ್ನು ಯಾರೂ ನಂಬಬೇಕಾಗಿಲ್ಲ, ನಾನೂ ನಂಬುವುದಿಲ್ಲ. ಆದರೆ ಯಾವ ವರ್ಷ ಯಾವ ನಾಟಕ ಎಲ್ಲಿ ಆಯಿತು, ಶಾಲೆಯಲ್ಲಿ ಯಾರು ಎಷ್ಟು ವರ್ಷ ಕಲಿಸಿದರು ಎಂಬುದಕ್ಕೆ ಅವು ಸಾಕ್ಷಿ. ಪರಿಶೀಲನೆಗೆ ಸಾಲುವ ದಾಖಲೆ ಪ್ರಸಿದ್ಧಿಗೆ ಸಾಲದು ಎಂದು ಬಿಸಾಡುವುದು ನಷ್ಟ.

ಪ್ರತಿ ಭಾಷೆಯ ವಿಕಿಪೀಡಿಯ ತನ್ನ ನಿಯಮವನ್ನು ತಾನೇ ರೂಪಿಸಿಕೊಳ್ಳಬಹುದು. ಇಂಗ್ಲಿಷಿನ ನಿಯಮವನ್ನು ಅನುವಾದಿಸಿ ಹಚ್ಚಿಕೊಳ್ಳಬೇಕೆಂದಿಲ್ಲ. 2003ರಿಂದ ಇರುವ ಕನ್ನಡ ವಿಕಿಪೀಡಿಯಕ್ಕೆ ನನ್ನ ಸಲಹೆ ಸರಳ. ಬದುಕಿರುವವರ ವಿಷಯದಲ್ಲಿ ಬಿಗಿ ಇರಲಿ, ಅಲ್ಲಿ ಮಾನಹಾನಿಯೂ ಉಂಟು, ಜಾಹೀರಾತೂ ಉಂಟು. ಗತಿಸಿದವರ ವಿಷಯದಲ್ಲಿ, ಗ್ರಂಥಾಲಯದಲ್ಲಿ ತೆಗೆದು ನೋಡಬಹುದಾದ ದಾಖಲೆ ಇದ್ದರೆ, ಅದು ಹೇಳುವಷ್ಟನ್ನು ಮಾತ್ರ ಬರೆದ ಪುಟ್ಟ ಪುಟಕ್ಕೆ ಜಾಗವಿರಲಿ. ಪ್ರತ್ಯೇಕ ಪುಟ ಹೆಚ್ಚಾಯಿತೆನಿಸಿದರೆ ಊರಿನ, ಸಂಸ್ಥೆಯ, ಕಾಲದ ಹೆಸರಿನಲ್ಲಿ ಒಂದು ಪಟ್ಟಿಯಲ್ಲಿ ನಾಲ್ಕು ಸಾಲು ಇರಲಿ.

ಉಳಿದ ಕೆಲಸ ನಮ್ಮ ಸಂಘಗಳದ್ದು. ಮುಂದಿನ ಸ್ಮರಣಸಂಚಿಕೆಯಲ್ಲಿ 'ಧೀಮಂತ ಚೇತನ', 'ಅಪ್ರತಿಮ ಸೇವೆ' ಎಂಬ ಮಾತುಗಳನ್ನು ಕಡಿಮೆ ಮಾಡಿ, ಹುಟ್ಟಿದ ವರ್ಷ, ಊರು, ಮಾಡಿದ ಕೆಲಸ, ಪುಸ್ತಕಗಳ ಹೆಸರು, ನಾಟಕದ ತಾರೀಖು ಹಾಕಿ, ಬರೆದವರ ಹೆಸರನ್ನೂ ಹಾಕಿದರೆ ಸಾಕು. ಒಂದು ಪ್ರತಿ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಲಿ. ಲೋಕಪಾಲನ ವಿಷಯದಲ್ಲಿ ನಮಗೆ ಉಳಿದದ್ದು ಹೆಸರೊಂದೇ. ನಮ್ಮ ಮೇಷ್ಟ್ರುಗಳ ವಿಷಯದಲ್ಲಿ ಅದಕ್ಕಿಂತ ಹೆಚ್ಚು ಉಳಿಸಲು ಇನ್ನೂ ಸಮಯವಿದೆ.