ಮರೆಯ ಕೃತಿಗಳ ಆಯ್ಕೆ

ಮೆಚ್ಚಿದ ಗ್ರಂಥದ ಅಥವಾ ಚಲಚ್ಚಿತ್ರದ ಪಾತ್ರಗಳನ್ನು ಎತ್ತಿಕೊಂಡು, ಮೂಲಕರ್ತನು ನಿಲ್ಲಿಸಿದ ಎಡೆಯಿಂದ ಕಥೆಯನ್ನು ಬೆಳೆಯಿಸುವ ಅಭ್ಯಾಸಕ್ಕೆ ಆಂಗ್ಲವಾಚಕರಲ್ಲಿ ಫ್ಯಾನ್ ಫಿಕ್ಷನ್ ಎಂದು ಹೆಸರು. ಇಂಥ ಅಭಿಮಾನಿಗಳು 2003ರಲ್ಲಿ ಆರಂಭಿಸಿದ ವಾರ್ಷಿಕ ಕಥಾವಿನಿಮಯವೇ ಯೂಲ್‌ಟೈಡ್. ಪ್ರತಿಯೊಬ್ಬರೂ ತಾವು ಬಯಸುವ ಕೃತಿಗಳನ್ನೂ ತಾವು ಬರೆಯಬಲ್ಲ ಕೃತಿಗಳನ್ನೂ ಬೇರೆ ಬೇರೆಯಾಗಿ ಸೂಚಿಸುವರು. ಒಬ್ಬರ ಬಯಕೆ ಮತ್ತೊಬ್ಬರ ಶಕ್ತಿಯೊಡನೆ ಕೂಡಿದಲ್ಲಿ, ಸಾವಿರ ಪದಗಳಿಗೆ ಕಡಮೆಯಿಲ್ಲದ ಕಥೆಯೊಂದು ಕಾಣಿಕೆಯಾಗಿ ಸಲ್ಲುವುದು. ಡಿಸೆಂಬರ್ 25ರಂದು ಕಥೆಗಳೂ ಜನವರಿ 1ರಂದು ಕರ್ತೃಗಳ ಹೆಸರುಗಳೂ ಪ್ರಕಟವಾಗುವುವು. ಇಂಥ ಕಥೆಗಳು ವಿರಳವಾಗಿರುವ ಮೂಲಕೃತಿಗಳಿಗೆ ಮಾತ್ರ ಇಲ್ಲಿ ಪ್ರವೇಶವೆಂಬುದು ಇದರ ವಿಶೇಷ ನಿಯಮ.

ಈ ನಿಯಮದ ಭಾವವು ಕನ್ನಡ ವಾಚಕರಿಗೆ ಅಪರಿಚಿತವಲ್ಲ. ರಾಮಾಯಣ ಕವಿಗಳ ಹೊರೆಯನ್ನು ಆದಿಶೇಷನೂ ತಾಳಲಾರನೆಂದು ಪರಿಹಾಸಮಾಡಿ, ಕುಮಾರವ್ಯಾಸನು ಭಾರತದ ಕಡೆಗೆ ತಿರುಗಲಿಲ್ಲವೆ? ಆದರೆ ದಾರಿಯಲ್ಲಿ ಜನರಿಲ್ಲವೆಂಬ ಮಾತ್ರಕ್ಕೆ ಅದು ಒಳ್ಳೆಯ ದಾರಿಯಾಗದು. ನಿಯಮವು ಎಣಿಸುವುದು ಕಥೆಗಳ ಸಂಖ್ಯೆಯನ್ನು; ಕೃತಿಯ ಯೋಗ್ಯತೆಯನ್ನು ತೂಗುವ ಹೊಣೆ ಆಯ್ದುಕೊಳ್ಳುವವರದೇ. ಆದುದರಿಂದ ಆ ಆಯ್ಕೆಯೇ ಒಂದು ವಿಮರ್ಶೆ.

ಸಿಲ್ವಿಯಾ ಟೌನ್‌ಸೆಂಡ್ ವಾರ್ನರ್ 1926ರಲ್ಲಿ ಪ್ರಕಟಿಸಿದ 'ಲಾಲಿ ವಿಲೋಸ್' ಕಾದಂಬರಿಯನ್ನು ನೋಡಬಹುದು. ಅವಿವಾಹಿತೆಯಾದ ಲಾರಾ ಲಂಡನ್ನಿನಲ್ಲಿ ಅಣ್ಣನ ಮನೆಯ ಮಕ್ಕಳಿಗೆ ಸೋದರತ್ತೆಯೆಂಬುದನ್ನು ಬಿಟ್ಟರೆ ಬೇರೆ ಹೆಸರಿಲ್ಲದಂತೆ ವರ್ಷಗಳನ್ನು ಕಳೆದು, ನಡುವಯಸ್ಸಿನಲ್ಲಿ ಗ್ರೇಟ್ ಮಾಪ್ ಎಂಬ ಹಳ್ಳಿಗೆ ಹೊರಟುಹೋಗಿ ಮಾಟಗಾತಿಯಾಗುತ್ತಾಳೆ. ಕಥೆಯೆಲ್ಲವೂ ಅವಳ ಮನಸ್ಸಿನ ಸುತ್ತ ನಡೆಯುವುದು. ಅವಳಿಗೆ ಮನೆ ಕೊಟ್ಟ ಶ್ರೀಮತಿ ಲೀಕ್ ಯಾವ ದುಃಖದಿಂದ, ಯಾವ ಆಸೆಯಿಂದ ಅದೇ ಹಾದಿಯನ್ನು ಹಿಡಿದಳೆಂಬುದು ಉಳಿದುಬಿಡುತ್ತದೆ. ಆ ಮೌನವು ಕೃತಿಯ ದೋಷವಲ್ಲ. ಮತ್ತೊಬ್ಬ ಲೇಖಕನಿಗೆ ತೆರೆದಿಟ್ಟ ಬಾಗಿಲು.

ಪವೆಲ್ ಮತ್ತು ಪ್ರೆಸ್‌ಬರ್ಗರ್ 1944ರಲ್ಲಿ ನಿರ್ಮಿಸಿದ 'ಎ ಕ್ಯಾಂಟರ್ಬರಿ ಟೇಲ್' ಚಿತ್ರದಲ್ಲಿಯೂ ಇಂಥದೇ ಅವಕಾಶವಿದೆ. ಒಬ್ಬ ತರುಣಿಯೂ ಇಬ್ಬರು ಸೈನಿಕರೂ ಯುದ್ಧಕಾಲದ ಕತ್ತಲಿನಲ್ಲಿ ಕೆಂಟ್ ಪ್ರಾಂತದ ಸಣ್ಣ ನಿಲ್ದಾಣವೊಂದರಲ್ಲಿ ಇಳಿಯುತ್ತಾರೆ. ಹುಡುಗಿಯರ ತಲೆಗೂದಲಿಗೆ ಅಂಟು ಸುರಿಯುವ ದುಷ್ಟನನ್ನು ಹುಡುಕುವುದು ಕಥೆಯ ಹೊರಗಿನ ಎಳೆ ಮಾತ್ರ. ಕೊನೆಯಲ್ಲಿ ಕ್ಯಾಂಟರ್ಬರಿಯ ಮಹಾದೇವಾಲಯದಲ್ಲಿ ಆರ್ಗನ್ ನುಡಿಸಿದ ಆಂಗ್ಲ ಸೈನಿಕನು ಯುದ್ಧದಿಂದ ಮರಳಿದನೋ ಇಲ್ಲವೋ ಚಿತ್ರವು ತಿಳಿಸುವುದಿಲ್ಲ. ಅಲ್ಲಿಂದ ಕಥೆಯೊಂದು ಸಹಜವಾಗಿ ಹುಟ್ಟಬಲ್ಲದು.

ಆಯ್ಕೆಯಲ್ಲಿ ಎರಡು ದೋಷಗಳು ಸುಲಭವಾಗಿ ನುಸುಳುತ್ತವೆ. ತಾನೊಬ್ಬನೇ ಬಲ್ಲೆನೆಂಬ ಹೆಮ್ಮೆಯಿಂದ ಎಲ್ಲಿಯೂ ದೊರೆಯದ ಗ್ರಂಥವನ್ನು ಕೇಳುವುದು ಮೊದಲನೆಯದು. ಓದಲಾರದ ಪುಸ್ತಕಕ್ಕೆ ಕಥೆ ಬರೆಯುವವರಾರು? ಮೇಲುಮೇಲಿನ ಪರಿಚಯದಿಂದಲೇ ಬರೆಯಬಲ್ಲೆನೆಂದು ಒಪ್ಪಿಕೊಳ್ಳುವುದು ಎರಡನೆಯದು. ಅಲ್ಲಿ ಪಾತ್ರಗಳ ಹೆಸರುಗಳು ಉಳಿಯುವುವು, ಜೀವವು ಉಳಿಯದು.

ಪ್ರಸಿದ್ಧ ಕೃತಿಗೆ ಒಂದು ಕಥೆ ಹೆಚ್ಚಾದರೂ ಕಡಮೆಯಾದರೂ ಭೇದವಿಲ್ಲ. ಕಪಾಟಿನ ಮೂಲೆಯಲ್ಲಿರುವ ಗ್ರಂಥಕ್ಕಾದರೋ, ಬರೆಯುವ ಸಲುವಾಗಿ ಒಬ್ಬರು ಅದನ್ನು ಮತ್ತೆ ಸಾಲುಸಾಲಾಗಿ ಓದುವುದೇ ಪುನರ್ಜನ್ಮ. ಆ ಓದನ್ನು ತಾಳಿ ನಿಲ್ಲುವ ಕೃತಿಯನ್ನು ಆರಿಸಿದವರು ಅಪರಿಚಿತ ಮಿತ್ರನಿಗೆ ಹೊರೆಯನ್ನಲ್ಲ, ಕಾಣಿಕೆಯನ್ನೇ ಕೊಟ್ಟಂತಾಗುವುದು.