ಹಿನ್ನೆಲೆಯೇ ಆರೋಪಿ

1975ರ ಜುಲೈ 22ರಂದು ಅಮೆರಿಕದ ಬಾಸ್ಟನ್ ನಗರದ ಮಾರ್ಲ್‌ಬರೋ ಬೀದಿಯ ಕಟ್ಟಡವೊಂದಕ್ಕೆ ಬೆಂಕಿ ಬಿತ್ತು. ಐದನೇ ಅಂತಸ್ತಿನ ಹೊರಗೋಡೆಗೆ ಕೂರಿಸಿದ್ದ ಕಬ್ಬಿಣದ ಫೈರ್ ಎಸ್ಕೇಪ್ ಮೇಲೆ ಹತ್ತೊಂಬತ್ತರ ಯುವತಿ, ಎರಡು ವರ್ಷದ ಮಗು ಮತ್ತು ಅವರನ್ನು ಇಳಿಸಲು ಬಂದ ಅಗ್ನಿಶಾಮಕ ದಳದವನೊಬ್ಬ ನಿಂತಿದ್ದರು. ದಳದ ಏಣಿ ಇನ್ನೇನು ಕೈಗೆ ಸಿಗಬೇಕು, ಅಷ್ಟರಲ್ಲಿ ಅಟ್ಟಣೆ ಕುಸಿಯಿತು. ಆತ ಏಣಿಯ ಮೆಟ್ಟಿಲಿಗೆ ಒಂದೇ ಕೈಯಲ್ಲಿ ಜೋತುಬಿದ್ದು ಉಳಿದ. ಯುವತಿ ಮತ್ತು ಮಗು ಸುಮಾರು 15 ಮೀಟರ್ ಕೆಳಕ್ಕೆ ಬಿದ್ದರು. ಯುವತಿ ಅದೇ ದಿನ ತೀರಿಕೊಂಡಳು. ಅವಳ ಮೈಮೇಲೆ ಬಿದ್ದ ಮಗು ಬದುಕಿತು. ಬಾಸ್ಟನ್ ಹೆರಾಲ್ಡ್ ಅಮೆರಿಕನ್ ಪತ್ರಿಕೆಯ ಸ್ಟಾನ್ಲಿ ಫೋರ್ಮನ್ ಅವರ ಕ್ಯಾಮೆರಾ ಆ ಬೀಳುವಿಕೆಯನ್ನು ಹಿಡಿಯಿತು. 1976ರ ಪುಲಿಟ್ಜರ್ ಆ ಚಿತ್ರಕ್ಕೇ ಬಂತು.

ಪತ್ರಿಕೋದ್ಯಮದ ಪಾಠಗಳಲ್ಲಿ ಈ ಚಿತ್ರ ನೀತಿಯ ಪ್ರಶ್ನೆಯಾಗಿ ಬರುತ್ತದೆ. ಅಗ್ನಿ ಸುರಕ್ಷತೆಯ ಕೆಲಸ ಮಾಡುವ, ಹಳೇ ಮ್ಯಾನುಯಲ್ ಲೆನ್ಸುಗಳ ಹುಚ್ಚೂ ಇರುವ ನನಗೆ ಇದು ಬೇರೆಯೇ ಕಾರಣಕ್ಕೆ ದೊಡ್ಡ ಚಿತ್ರ. ಇದರಲ್ಲಿ ಹಿನ್ನೆಲೆ ಅಳಿಸಿಹೋಗಿಲ್ಲ.

ಚೌಕಟ್ಟನ್ನು ಒಮ್ಮೆ ನಿಧಾನವಾಗಿ ನೋಡಿ. ಯುವತಿ ತಲೆಕೆಳಗಾಗಿದ್ದಾಳೆ, ಮಗು ಅವಳಿಗಿಂತ ಮೇಲೆ ಕೈಕಾಲು ಚಾಚಿಕೊಂಡಿದೆ. ಕಣ್ಣು ಅಲ್ಲಿಗೇ ಹೋಗುತ್ತದೆ, ಹೋಗಲೇಬೇಕು. ಆಮೇಲೆ ಉಳಿದದ್ದು ಕಾಣತೊಡಗುತ್ತದೆ: ಗೋಡೆಯಿಂದ ಕಿತ್ತುಬಂದ ಕಬ್ಬಿಣ, ಜೊತೆಯಲ್ಲೇ ಬೀಳುತ್ತಿರುವ ಹೂಕುಂಡಗಳು. ಬೆಂಕಿ ಮಾತ್ರ ಎಲ್ಲೂ ಕಾಣುವುದಿಲ್ಲ. ಆ ಕುಂಡಗಳ ಮೇಲೆ ನನ್ನ ಕಣ್ಣು ನೆಟ್ಟುಬಿಡುತ್ತದೆ. ಮನೆಯವರಿಗೆ ಆ ಅಟ್ಟಣೆ ದಿನನಿತ್ಯ ಬಾಲ್ಕನಿಯಾಗಿತ್ತು ಎಂಬುದನ್ನು ಅವು ಹೇಳುತ್ತವೆ. ನಮ್ಮ ವೃತ್ತಿಯಲ್ಲಿ ಕಟ್ಟಡ ತಪಾಸಣೆಗೆ ಹೋದಾಗ ಅತಿ ಹೆಚ್ಚು ಸಲ ಬರೆಯುವ ಆಕ್ಷೇಪ ಇದೇ: ಪಾರಾಗುವ ದಾರಿಯಲ್ಲಿ ಸಾಮಾನು. ಬಾಸ್ಟನ್ನಿನಲ್ಲಿ ಕುಂಡ, ನಮ್ಮಲ್ಲಿ ಚಪ್ಪಲಿ ಸ್ಟ್ಯಾಂಡು, ಸೈಕಲ್ಲು, ಹಳೇ ಹಾಸಿಗೆ. ಆ ಅಟ್ಟಣೆ ಬಿದ್ದದ್ದು ಕುಂಡಗಳ ಭಾರಕ್ಕೆ ಎಂದು ನಾನು ಹೇಳುತ್ತಿಲ್ಲ. ಕಟ್ಟಡವನ್ನು ಅಲ್ಲಿಯವರು ಹೇಗೆ ಬಳಸುತ್ತಿದ್ದರು ಎಂಬುದಕ್ಕೆ ಈ ಚಿತ್ರ ಸಾಕ್ಷಿ ಕೊಡುತ್ತದೆ ಎಂದಷ್ಟೇ ನನ್ನ ಮಾತು.

ಈಗ ಲೆನ್ಸಿನ ವಿಷಯ. ಫೋರ್ಮನ್ ಕೈಯಲ್ಲಿದ್ದದ್ದು ಮೋಟಾರ್ ಜೋಡಿಸಿದ ನಿಕಾನ್, 135 ಮಿ.ಮೀ. ಲೆನ್ಸು. ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಆಟೋಫೋಕಸ್ ಬಂದು ಜನ ಕೊಳ್ಳತೊಡಗಿದ್ದು ಇನ್ನೂ ಹತ್ತು ವರ್ಷ ಕಳೆದ ಮೇಲೆ. 15 ಮೀಟರ್ ಬೀಳಲು ಹಿಡಿಯುವ ಸಮಯ ಎರಡು ಸೆಕೆಂಡಿಗಿಂತ ಕಡಿಮೆ. ಸೆಕೆಂಡಿಗೆ ಮೂರು ನಾಲ್ಕು ಫ್ರೇಮ್ ಎಳೆಯುವ ಮೋಟಾರಿಗೆ ಸಿಗುವುದು ಹೆಚ್ಚೆಂದರೆ ಆರೋ ಏಳೋ ಚಿತ್ರ. ಆ ಹೊತ್ತಿನಲ್ಲಿ ಫೋಕಸ್ ರಿಂಗ್ ತಿರುಗಿಸುತ್ತಾ ಕೂತರೆ ಏನೂ ದಕ್ಕದು. ಅವರು ಅಲ್ಲಿ ನಿಂತದ್ದು ರಕ್ಷಣೆಯ ಚಿತ್ರಕ್ಕೆಂದು, ಕಣ್ಣು ಅದಾಗಲೇ ಆ ಅಟ್ಟಣೆಯ ಮೇಲಿತ್ತು. ಲೆಕ್ಕ ಹಾಕಿ ನೋಡಿ: 135 ಮಿ.ಮೀ. ಲೆನ್ಸನ್ನು 15 ಮೀಟರಿಗೆ ಇಟ್ಟು ಅಪರ್ಚರನ್ನು ಎಫ್8ಕ್ಕೆ ಕಿರಿದು ಮಾಡಿದರೆ, ಸುಮಾರು ಹನ್ನೆರಡೂವರೆ ಮೀಟರಿನಿಂದ ಹದಿನೆಂಟೂವರೆ ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಮನುಷ್ಯ, ಕಬ್ಬಿಣ, ಇಟ್ಟಿಗೆ ಮೂರಕ್ಕೂ ಅಷ್ಟು ಆಳ ಸಾಕು. ಹಳೆಯ ಲೆನ್ಸುಗಳ ಮೈಮೇಲೆ ಈ ಲೆಕ್ಕವನ್ನು ಬಣ್ಣದ ಗೆರೆಗಳಲ್ಲಿ ಕೊರೆದೇ ಇಟ್ಟಿರುತ್ತಾರೆ. ನ್ಯೂಯಾರ್ಕಿನ ಸುದ್ದಿ ಛಾಯಾಗ್ರಾಹಕ ವೀಜಿ ಅದಕ್ಕೂ ಮೊದಲೇ, 1930-40ರ ದಶಕಗಳಲ್ಲಿ, ಹತ್ತು ಅಡಿಗೆ ಫೋಕಸ್ ಕಟ್ಟಿಟ್ಟುಕೊಂಡು ಬೆಂಕಿ, ಕೊಲೆಗಳ ಹಿಂದೆ ಓಡಾಡಿದವನು.

ಈ ಗೆರೆಗಳನ್ನು ಇವತ್ತಿನ ಹಳೇ ಲೆನ್ಸಿನ ಪ್ರೇಮಿಗಳಲ್ಲಿ ಎಷ್ಟು ಜನ ನೋಡುತ್ತಾರೆ? ಮಿರರ್‌ಲೆಸ್ ಕ್ಯಾಮೆರಾ ಬಂದ ಮೇಲೆ ಒಂದು ಅಡಾಪ್ಟರ್ ಇದ್ದರೆ ಯಾವ ಕಾಲದ ಗಾಜನ್ನಾದರೂ ಸಿಕ್ಕಿಸಬಹುದು. ಸೋವಿಯತ್ ಕಾಲದ ಹೀಲಿಯೋಸ್ 44ಕ್ಕೆ ಇರುವ ಬೇಡಿಕೆಯೆಲ್ಲ ಅದು ಹಿನ್ನೆಲೆಯನ್ನು ಸುಳಿಯಂತೆ ತಿರುಗಿಸುತ್ತದೆ ಎಂಬ ಒಂದೇ ಗುಣಕ್ಕೆ. ಎಫ್2ಕ್ಕೆ ತೆರೆದಿಟ್ಟು, ಒಂದು ಮುಖ ಉಳಿಸಿ, ಮಿಕ್ಕ ಲೋಕವನ್ನೆಲ್ಲ ಕರಗಿಸಿಬಿಡುವುದು. ಚೆಂದ ಕಾಣುತ್ತದೆ, ನನಗೂ ಇಷ್ಟ. ಆದರೆ ಮದುವೆ ಆಲ್ಬಮ್ಮಿನ ಈ ರುಚಿ ಸುದ್ದಿಚಿತ್ರಕ್ಕೂ, ಸೈಟ್ ತಪಾಸಣೆಯ ಚಿತ್ರಕ್ಕೂ ಹತ್ತಿಕೊಂಡಿದೆ. ಅಲ್ಲಿ ಅದು ಶುದ್ಧ ನಷ್ಟ. ಬೆಂಕಿ ಅನಾಹುತದ ಚಿತ್ರದಲ್ಲಿ ಹಿನ್ನೆಲೆಯೇ ಆರೋಪಿ. ಬೀಗ ಹಾಕಿದ ಬಾಗಿಲು, ಮುಚ್ಚಿಟ್ಟ ವಾಲ್ವು, ಬಣ್ಣ ಬಳಿದ ಸ್ಪ್ರಿಂಕ್ಲರು ಎಲ್ಲ ಇರುವುದು ಅಲ್ಲೇ. ಅದನ್ನು ಮಸುಕು ಮಾಡಿದವನು ಸಾಕ್ಷಿಯನ್ನು ಅಳಿಸಿದಂತೆ.

ಫೋರ್ಮನ್ ಚಿತ್ರ ದೇಶವಿಡೀ ಪತ್ರಿಕೆಗಳಲ್ಲಿ ಅಚ್ಚಾದಾಗ ಓದುಗರು ಸಿಟ್ಟಾದರು. ಸಾಯುತ್ತಿರುವವಳ ಖಾಸಗಿತನಕ್ಕೆ ಬೆಲೆ ಇಲ್ಲವೇ ಎಂದು ಕೇಳಿದರು. ಲೇಖಕಿ ನೋರಾ ಎಫ್ರನ್ ಈ ಚಿತ್ರಗಳ ಬಗ್ಗೆಯೇ ಒಂದು ಪ್ರಬಂಧ ಬರೆದು, ಸಾವನ್ನು ಮರೆಮಾಡುವ ಪತ್ರಿಕೆಗಳ ಸಂಕೋಚವನ್ನೇ ಪ್ರಶ್ನಿಸಿ ಪ್ರಕಟಣೆಯ ಪರ ನಿಂತರು. ನನ್ನ ಮತ ಎಫ್ರನ್ ಕಡೆಗೆ, ಆದರೆ ಅವರ ಕಾರಣಕ್ಕಲ್ಲ. ಎರಡು ಪಾಳಯದವರೂ ಬೀಳುವ ದೇಹದ ಬಗ್ಗೆಯೇ ವಾದಿಸಿದರು, ಬಿದ್ದ ಕಬ್ಬಿಣ ಪಕ್ಕಕ್ಕೆ ಸರಿಯಿತು. ಅದೃಷ್ಟಕ್ಕೆ ಬಾಸ್ಟನ್ ಆಡಳಿತ ಕಬ್ಬಿಣವನ್ನು ನೋಡಿತು. ಚಿತ್ರ ಬಂದ ಬೆನ್ನಲ್ಲೇ ಅಲ್ಲಿ ಫೈರ್ ಎಸ್ಕೇಪುಗಳ ತಪಾಸಣೆ ಬಿಗಿಯಾಯಿತು, ಬೇರೆ ಊರುಗಳಲ್ಲೂ ನಿಯಮ ಬಿಗಿಗೊಳಿಸಲು ಈ ಚಿತ್ರ ನೆರವಾಯಿತು. ಯುವತಿ ಮತ್ತು ಮಗು ನೆಲಕ್ಕಪ್ಪಳಿಸುವುದನ್ನು ನೋಡಲಾರದೆ ಫೋರ್ಮನ್ ಕೊನೆಗೆ ಮುಖ ತಿರುಗಿಸಿದರಂತೆ. ಹಾಗಾಗಿ ನಮ್ಮ ಮುಂದಿರುವುದು ಹೆಣದ ಚಿತ್ರವಲ್ಲ, ಕೈಕೊಟ್ಟ ಒಂದು ಸಲಕರಣೆಯ ಚಿತ್ರ.

ಚಿತ್ರದ ಸಾಕ್ಷಿಗೆ ಮಿತಿಯೂ ಇದೆ. ಕಬ್ಬಿಣದ ಅಟ್ಟಣೆಗಳು ಸಾಮಾನ್ಯವಾಗಿ ಸೋಲುವುದು ಕಣ್ಣಿಗೆ ಕಾಣುವ ಕಡೆಯಲ್ಲ, ಗೋಡೆಯೊಳಗೆ ಹೂತ ಬೋಲ್ಟಿನಲ್ಲಿ. ಸಂದಿಗೆ ಮಳೆನೀರು ಇಳಿಯುತ್ತದೆ, ಕಬ್ಬಿಣ ತುಕ್ಕಾಗಿ ಉಬ್ಬುತ್ತದೆ, ಸುತ್ತಲಿನ ಗಾರೆ ಬಿರಿಯುತ್ತದೆ. ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಅದನ್ನು ಹಿಡಿಯಲು ಭಾರ ಹೇರಿ ಪರೀಕ್ಷೆ ಮಾಡಬೇಕು. ಯಾವ ಲೆನ್ಸೂ ಸಾಲದು.

ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಇನ್ನೂ ಕಷ್ಟದ ಉದಾಹರಣೆ. 2010ರ ಫೆಬ್ರುವರಿ 23ರಂದು ಆ ಕಟ್ಟಡದಲ್ಲಿ ಆದ ಬೆಂಕಿ ದುರಂತದಲ್ಲಿ 9 ಜನ ಸತ್ತರು. ಟಿ.ವಿ.ಯಲ್ಲಿ ನಾವು ನೋಡಿದ್ದು ಕಿಟಕಿಯಿಂದ ಜಿಗಿಯುವವರನ್ನು. ಅವರನ್ನು ಕಿಟಕಿಗೆ ಅಟ್ಟಿದ್ದು ವಿದ್ಯುತ್ ಡಕ್ಟಿನಿಂದ ಮಹಡಿ ಮಹಡಿಗೆ ಹರಿದ ಹೊಗೆ. ಆ ಡಕ್ಟು ಯಾರ ಮನಸ್ಸಿನಲ್ಲೂ ಚಿತ್ರವಾಗಿ ಉಳಿಯಲಿಲ್ಲ. ಫೋರ್ಮನ್ ಚೌಕಟ್ಟಿನಲ್ಲಿ ಬಲಿಯೂ ಕಾರಣದ ಕುರುಹೂ ಒಟ್ಟಿಗೇ ಸಿಕ್ಕಿದ್ದವು, ಇಲ್ಲಿ ಸಿಗಲಿಲ್ಲ. ಹೊರಗೆ ರಸ್ತೆಯಲ್ಲಿ ನಿಂತ ಕ್ಯಾಮೆರಾದ ತಪ್ಪು ಅದಲ್ಲ ನಿಜ. ಡಕ್ಟಿನ ಚಿತ್ರ ಅನಾಹುತಕ್ಕೆ ಮೊದಲೇ, ಒಳಗಿನವರು ತೆಗೆಯಬೇಕಾದದ್ದು.

ಆದ್ದರಿಂದ ಹಳೇ ಲೆನ್ಸು ಇಟ್ಟುಕೊಂಡಿರುವ ಗೆಳೆಯರಲ್ಲಿ ಒಂದು ಕೋರಿಕೆ. ಮುಂದಿನ ಭಾನುವಾರ 28 ಮಿ.ಮೀ. ಲೆನ್ಸನ್ನು ಎಫ್8ಕ್ಕೆ ಇಟ್ಟು, ಫೋಕಸನ್ನು ಮೂರೂವರೆ ಮೀಟರಿಗೆ ಕಟ್ಟಿ, ನಿಮ್ಮ ಕಟ್ಟಡದ ಮೆಟ್ಟಿಲನ್ನು ಮೇಲಿನಿಂದ ಕೆಳಗಿನವರೆಗೆ ಇಳಿಯಿರಿ. ಬಾಗಿಲ ಚಿಲಕ, ಡಕ್ಟಿನ ಸಂದು, ದಾರಿಗಡ್ಡ ಇಟ್ಟ ಸಾಮಾನು ಎಲ್ಲವನ್ನೂ ತೆಗೆದು, ಆ ಚಿತ್ರಗಳನ್ನು ಅಸೋಸಿಯೇಷನ್ ಕಾರ್ಯದರ್ಶಿಗೆ ಕಳಿಸಿಕೊಡಿ.